ಕೀಲಿ ಕೇಳಿದ ದಾಮು ಕುಂದರ್

ಮೀನ್ಗಣ್ಣು ದೋಣಿಯ ಅಡಿಯಲ್ಲಿ ತೂಗಿಕೊಂಡು ಕಡಲಿನ ಒಳಗನ್ನು ನೋಡುತ್ತಿತ್ತು. ತೆಂಗಿನಕಾಯಿ ಗಾತ್ರದ ಆ ಯಂತ್ರ ನೀರಿನೊಳಕ್ಕೆ ಸದ್ದಿನ ಅಲೆಗಳನ್ನು ಬಿಟ್ಟು, ಮರಳಿ ಬಂದ ಸದ್ದಿನಿಂದಲೇ ಇದು ಬಂಗುಡೆ, ಇದು ಅಂಜಲ್ ಎಂದು ಗುರುತಿಸಿ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ದಡಕ್ಕೆ ಕಳಿಸುತ್ತಿತ್ತು. ಅದು ಬಂದ ಮೇಲೆ ಮೀನು ಹುಡುಕುವ ಕಷ್ಟ ತಪ್ಪಿತು. ಸಿಕ್ಕಿದ್ದನ್ನು ಮುಚ್ಚಿಡುವ ಕಷ್ಟ ಶುರುವಾಯಿತು.

ಕುಂದಾಪುರದಿಂದ ತುಸು ಉತ್ತರಕ್ಕಿದ್ದ ಆ ಸಣ್ಣ ಬಂದರಿನಲ್ಲಿ ನಾಡದೋಣಿಯವರ ಸಂಘಕ್ಕೆ ಇದ್ದದ್ದು ಒಂದೇ ಮೀನ್ಗಣ್ಣು, ಭಾಸ್ಕರ ಮೊಗವೀರನ ದೋಣಿಯಲ್ಲಿ. ಅದರ ಸಂದೇಶಗಳನ್ನು ದಡದ ಕೋಣೆಯಲ್ಲಿ ಕುಳಿತು ನೋಡಿಕೊಳ್ಳುತ್ತಿದ್ದವಳು ಅವನ ಹೆಂಡತಿ ಸುಗಂಧಿ. ಪ್ರೋಗ್ರಾಮ್ ಬರೆಯುವುದನ್ನು ಆಗಷ್ಟೇ ಕಲಿಯತೊಡಗಿದ್ದ ಅವಳು, ಪ್ರತಿ ಅಂಕಿಗೂ ಬದಲಾಗಿ ಬೇರೊಂದು ಅಂಕಿ ಹಾಕುವ ಗೂಢಲಿಪಿಯೊಂದನ್ನು ತಾನೇ ಬರೆದಿದ್ದಳು. ಆದರೂ ಬಲೆ ಬೀಸುವ ಹೊತ್ತಿಗೆ, ಆ ಸಂದೇಶವನ್ನು ಹೇಗೋ ಕದ್ದು ಓದಿಕೊಂಡ ದಾಮು ಕುಂದರನ ದೊಡ್ಡ ಟ್ರಾಲರುಗಳು ಅಲ್ಲಿಗೆ ಬಂದು ನಿಂತಿರುತ್ತಿದ್ದವು.

ಕಡಲ ಸಂಶೋಧನೆಗೆಂದು ಬಂದಿದ್ದ ಗೂಢಲಿಪಿ ವಿಜ್ಞಾನಿ ಡಾ. ಮೃದುಲಾ ಹೆಬ್ಬಾರ್ ಅವಳ ಪ್ರೋಗ್ರಾಮನ್ನು ಓದಿ ನಕ್ಕಿರಲಿಲ್ಲ.

"ನೋಡಿ ಸುಗಂಧಿ, ಇಲ್ಲಿಯ ಅಕ್ಷಾಂಶ ಯಾವಾಗಲೂ ಹದಿಮೂರು. ಅಂದರೆ ನಿಮ್ಮ ಸಂದೇಶ ದಿನವೂ ಅದೇ ಎರಡು ಅಂಕಿಯಿಂದ ಶುರುವಾಗುತ್ತದೆ. ಅಷ್ಟು ಸಿಕ್ಕಿದರೆ ಉಳಿದದ್ದನ್ನು ಬಿಡಿಸುವುದು ಕಷ್ಟವಲ್ಲ."

"ಹಾಂಗಾರೆ ಎಂತ ಮಾಡೂದ್, ಡಾಕ್ಟ್ರೆ?"

ಮೃದುಲಾ ಅವಳಿಗೆ ಕೀಲಿಸಾಲನ್ನು ಕಲಿಸಿದರು. ಯಾವ ಕ್ರಮವೂ ಇಲ್ಲದ ಅಂಕಿಗಳ, ಇಡೀ ಹಂಗಾಮಿಗೆ ಸಾಕಾಗುವಷ್ಟು ಉದ್ದನೆಯ ಒಂದು ಸಾಲು. ಅದರ ಒಂದು ಪ್ರತಿ ದೋಣಿಯಲ್ಲಿ, ಇನ್ನೊಂದು ದಡದಲ್ಲಿ. ಭಾಸ್ಕರ ಬರೆದು ಕಳಿಸುವ ಮಾತೂ ಅಂಕಿಗಳಾಗಿಯೇ ಹೋಗುತ್ತಿತ್ತು. ಸಂದೇಶದ ಪ್ರತಿ ಅಂಕಿಗೆ ಸಾಲಿನ ಒಂದೊಂದು ಅಂಕಿಯನ್ನು ಕೂಡಿಸಿ ಕಳಿಸುವುದು, ದಡದಲ್ಲಿ ಅದನ್ನೇ ಕಳೆದು ಓದುವುದು. ಬಳಸಿದ ಅಂಕಿ ಎರಡೂ ಕಡೆ ಅಳಿಸಿಹೋಗುತ್ತದೆ. ಸುಗಂಧಿ ತಪ್ಪು ಮಾಡುತ್ತ, ತಿದ್ದುತ್ತ ಅದನ್ನು ತಾನೇ ಬರೆದು ಮುಗಿಸಿದಳು. ಆಮೇಲೆ ದಾಮುವಿನ ಟ್ರಾಲರುಗಳು ಕಡಲಿನಲ್ಲಿ ದಿಕ್ಕು ತಪ್ಪಿದಂತೆ ಅಲೆದವು. ಸಂಘದವರ ಬುಟ್ಟಿಗಳು ತುಂಬಿದವು.

ಆ ಮಧ್ಯಾಹ್ನ ಗಾಳಿ ಇದ್ದಕ್ಕಿದ್ದಂತೆ ತಿರುಗಿತು. ಉಳಿದ ದೋಣಿಗಳು ದಡ ಸೇರಿದವು. ಭಾಸ್ಕರನದು ಬರಲಿಲ್ಲ, ಅದರ ಸಂದೇಶವೂ ನಿಂತಿತು. ಮೃದುಲಾ ಸುದ್ದಿ ಕೇಳಿ ಕೋಣೆಗೆ ಓಡಿ ಬಂದಿದ್ದರು. ಆಗ ವೈರ್‌ಲೆಸ್ಸಿನಲ್ಲಿ, ಇನ್ನೂ ಕಡಲಿನಲ್ಲೇ ಇದ್ದ ದಾಮುವಿನ ಧ್ವನಿ ಕೇಳಿತು.

"ಸುಗಂಧಿ, ನಿನ್ನ ಗಂಡನ ಮೀನ್ಗಣ್ಣು ಒಂದೇ ಸಮ ಅಂಕಿ ಕಳಿಸ್ತಾ ಉಂಟು. ಏರಿಯಲ್ ಕಂಬ ಮುರಿದಿರ್ಬೇಕು, ಹತ್ತಿರ ಇರುವ ನಮಗೆ ಮಾತ್ರ ಕೇಳ್ತದೆ. ಯಾವ ದಿಕ್ಕಿಂದ ಅಂತ ಗೊತ್ತಾಗುದಿಲ್ಲ. ಕೀಲಿ ಕೊಡು."

ಇಷ್ಟು ಕಾಲ ಕದ್ದು ಕೇಳಿದವನು ಈಗ ಕೀಲಿಯನ್ನೇ ಕೇಳುತ್ತಿದ್ದಾನೆ. ಆ ಸಾಲು ಹೋದರೆ ಈ ಹಂಗಾಮಿನ ಮೀನೆಲ್ಲ ಅವನ ಪಾಲು. ಅವಳು ಮೃದುಲಾ ಕಡೆ ತಿರುಗಿದಳು. "ಇವ್ನನ್ನ ನಂಬೂದ್ ಹ್ಯಾಂಗೆ?"

"ಅಂಕಿಗಳನ್ನು ಓದಲು ಹೇಳಿ. ನಿಜವಾಗಿದ್ದರೆ ನಮ್ಮ ಸಾಲಿಗೆ ಹೊಂದಬೇಕು."

ದಾಮು ಒಂದೊಂದಾಗಿ ಓದಿದ. ಸುಗಂಧಿ ಒತ್ತಿದಳು. ಪರದೆಯ ಮೇಲೆ ಬಂದದ್ದು ಅರ್ಥವಿಲ್ಲದ ಅಕ್ಷರಗಳು.

"ಸುಳ್ಳ!" ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸಮಾಧಾನವಿತ್ತು. ಅವನು ಹೇಳಿದ್ದು ಸುಳ್ಳಾದರೆ ಭಾಸ್ಕರನಿಗೆ ಏನೂ ಆಗಿರಲಿಕ್ಕಿಲ್ಲ.

ಮೃದುಲಾ ಮಾತ್ರ ಬಿಳಿಚಿಕೊಂಡಿದ್ದರು. "ಇರಿ. ಭಾಸ್ಕರ ಮೊದಲು ಕಳಿಸಿದ ಕೆಲವು ಸಂದೇಶ ನಮಗೆ ತಲುಪಿಲ್ಲ. ಅಲ್ಲಿ ಸಾಲು ಮುಂದೆ ಹೋಗಿದೆ, ಇಲ್ಲಿ ನಿಂತಲ್ಲೇ ಇದೆ. ಸಂದೇಶಗಳಿಗೆ ಕ್ರಮಸಂಖ್ಯೆ ಹಾಕಲು ನಾನು ಹೇಳಿಕೊಡಬೇಕಿತ್ತು, ಮರೆತೆ. ನಮ್ಮದನ್ನು ಮುಂದಕ್ಕೆ ಸರಿಸಿ ನೋಡಿ."

ಸುಗಂಧಿ ಒಂದು ಅಂಕಿ ಸರಿಸಿದಳು. ಕಸ. ಇನ್ನೊಂದು. ಕಸ. ಅವಳು ಬೆರಳು ನಿಲ್ಲಿಸಿ, ತಾನೇ ಸರಿಸುತ್ತ ಹೋಗುವ ನಾಲ್ಕು ಸಾಲಿನ ಪ್ರೋಗ್ರಾಮನ್ನು ಅಲ್ಲೇ ಬರೆದು ಓಡಿಸಿದಳು. ಈ ಸಲ ಯಾರೂ ಅವಳಿಗೆ ಹೇಳಿಕೊಡಬೇಕಾಗಲಿಲ್ಲ, ತಿದ್ದಬೇಕಾಗಲೂ ಇಲ್ಲ. ಪರದೆ ಸರಸರನೆ ಓಡಿತು. ನಡುವೆ ಒಂದೆಡೆ ಅಕ್ಷರಗಳು ಮಾತಾದವು.

ಇಂಜಿನ್ ಸತ್ತಿತ್. ನೀರ್ ತುಂಬ್ತಾ ಇತ್ತ್. ಬೇಗ ಬನ್ನಿ.

ಕೆಳಗೆ ದೋಣಿಯಿದ್ದ ಜಾಗದ ಅಕ್ಷಾಂಶ ರೇಖಾಂಶವಿತ್ತು. ಸುಗಂಧಿ ಅದನ್ನು ಕೂಗಿ ಹೇಳಿದಳು.

"ಗಾಳಿಗೆ ದೋಣಿ ಅಲ್ಲಿ ನಿಲ್ಲುದಿಲ್ಲ ಮಾರಾಯ್ತಿ!" ದಾಮುವಿನ ಮಾತು ತುಂಡಾಗಿ ಕೇಳುತ್ತಿತ್ತು. "ಅವ ಹೊಸ ಹೊಸ ಜಾಗ ಕಳಿಸ್ತಾ ಇದ್ದಾನೆ. ನಿನ್ನ ಹತ್ರ ಓದಿಸ್ಲಿಕ್ಕೆ... ಈ ವೈರ್‌ಲೆಸ್..." ಮುಂದಿನದು ಬರೀ ಗರಗರ.

ಸುಗಂಧಿ ಮತ್ತೆ ಯಾರ ಮುಖವನ್ನೂ ನೋಡಲಿಲ್ಲ. ಉಳಿದಿದ್ದ ಕೀಲಿಸಾಲನ್ನು ಪೂರ್ತಿಯಾಗಿ, ಅದರಿಂದ ಓದುವ ಪ್ರೋಗ್ರಾಮಿನ ಜೊತೆಗೆ, ಎಲ್ಲರಿಗೂ ಕೇಳುವ ಬಯಲು ತರಂಗದಲ್ಲಿ ಬಿಟ್ಟಳು. ಒಮ್ಮೆ ಕಳಿಸಿ, ಮುಟ್ಟಿತೋ ಇಲ್ಲವೋ ಎಂದು ಮತ್ತೊಮ್ಮೆ ಕಳಿಸಿದಳು. ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಅವಳು ಮೃದುಲಾರ ಕೈ ಹಿಡಿದು ಕುಳಿತಳು. ಗಾಳಿ ತಗಡಿನ ಮಾಡನ್ನು ಎತ್ತಿ ಎತ್ತಿ ಬಡಿಯುತ್ತಿತ್ತು.

ಸಂಜೆಯ ಬೆಳಕು ಇನ್ನೂ ಇರುವಾಗಲೇ ಟ್ರಾಲರು ಬಂದರಿಗೆ ಬಂತು. ಒಂದಲ್ಲ, ಬಯಲು ತರಂಗದಲ್ಲಿ ಕೀಲಿ ಸಿಕ್ಕಿದವರೆಲ್ಲರ ಟ್ರಾಲರುಗಳು ಸಾಲಾಗಿ ಬಂದವು. ದೋಣಿ ಮುಳುಗಿತ್ತು, ಮೀನ್ಗಣ್ಣೂ ಅದರ ಜೊತೆ ತಳ ಸೇರಿತ್ತು. ಭಾಸ್ಕರ ಯಾರದೋ ಕಂಬಳಿ ಹೊದ್ದು, ನಡುಗುತ್ತ ಇಳಿದ. ಸುಗಂಧಿ ಓಡಿಹೋಗಿ ಅವನ ಎರಡೂ ತೋಳು ಹಿಡಿದಳು. ಹಲ್ಲು ಕಟಕಟಿಸುತ್ತ ಅವನು ಆಡಿದ ಮೊದಲ ಮಾತು:

"ಕೀಲಿ ಅವ್ನಿಗೆ ಕೊಟ್ಯಾ?"

ಸುಗಂಧಿಗೆ ಅಳು ಬಂತು, ಅದರೊಳಗಿಂದ ನಗುವೂ ಬಂತು. "ಕೊಟ್ಟೆ. ಇನ್ನ್ ಬೈಯುದಾರೆ ಮನಿಗ್ ಬಂದ್ ಬೈಯಿ."

ಹಗ್ಗ ಕಟ್ಟುತ್ತಿದ್ದ ದಾಮು ತಲೆ ಎತ್ತಿದ. ಮೃದುಲಾ ಅವನಿಗೆ ಕೈ ಮುಗಿದರು. ಅವನಿಗೆ ಅದು ಮುಜುಗರವಾಯಿತು.

"ನಿಮ್ಮ ಹೊಸ ಲಿಪಿ ಬಂದ ಮೇಲೆ ನಮಗೆ ಕಡಲೇ ಕುರುಡಾದ ಹಾಗೆ ಆಗಿತ್ತು ಮೇಡಂ," ಎಂದ. "ಮೊದ್ಲು ಇವಳ ಸಂದೇಶ ಓದಿ ಮೀನು ಕದ್ದದ್ದು ಹೌದು, ಇಲ್ಲ ಅನ್ನುದಿಲ್ಲ. ಆದ್ರೆ ಆಗ ಭಾಸ್ಕರ ಎಲ್ಲಿದ್ದಾನೆ ಅಂತ ದಿನಾ ಗೊತ್ತಿರ್ತಿತ್ತು. ಇವತ್ತು ಒಬ್ಬ ಹತ್ರವೇ ಕೂಗ್ತಾ ಇದ್ದ, ನಮಗೆ ಬರೀ ಅಂಕಿ ಕೇಳ್ತಿತ್ತು."

ದಾಮು ಹಗ್ಗದ ಗಂಟನ್ನು ಎಳೆದು ಬಿಗಿಮಾಡಿ, ಭಾಸ್ಕರನಿಗೆ ಬಿಸಿ ಚಾ ತರಿಸಲು ಯಾರನ್ನೋ ಕೂಗುತ್ತ ಹೋದ.