ಅರವತ್ತು ದಾಟಿದ ಮೇಲಿನ ಸದ್ದು

ಬೂದು ಬಣ್ಣದ ಅಂಬಾಸಿಡರ್ ಮತ್ತೆ ಶೆಡ್ಡಿನ ಮುಂದೆ ಬಂದು ನಿಂತಾಗ ಶಾಲಿನಿಯ ಎದೆ ಧಸಕ್ಕೆಂದಿತು. ಅದರಿಂದ ಇಳಿದವನ ಮುಖ ನೋಡಿ ಖುಷಿಯೂ ಆಯಿತು. ಎರಡೂ ಒಟ್ಟಿಗೇ ಆದರೆ ಹೆಣ್ಣುಮಗಳು ಮುಖ ಎಲ್ಲಿಟ್ಟುಕೊಳ್ಳಬೇಕು ಹೇಳಿ! ಕಬ್ಬಿಣ ಕಡೆಯುವ ಲೇತ್ ನಿಲ್ಲಿಸಿ, ಕೈ ಒರೆಸಿಕೊಳ್ಳುವ ನೆವದಲ್ಲಿ ಅವಳು ಬೆನ್ನು ತಿರುಗಿಸಿದಳು.

ಅವನು ಅಮೃತೇಶ್. ನಂಜನಗೂಡಿನಲ್ಲಿ ಬಾಳೆಹಣ್ಣಿನ ಮಂಡಿ ನಡೆಸುವವನು. ಸೋದರಮಾವ ಬಿಟ್ಟುಹೋದ ಹಳೇ ಕಾರಿಗೆ ಇಸುಜು ಕಂಪನಿಯ ಇಂಜಿನ್ ಕೂರಿಸಿದ್ದ. ಇಂಜಿನ್ನೇನೋ ದೊಡ್ಡದಾಯಿತು, ಅದರ ಬಲವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಆಕ್ಸಲ್ ಮಾತ್ರ ಹಳೆಯದೇ. ಅದು ತಡೆಯುವುದಿಲ್ಲವೆಂದು ಯಾರೋ ಹೇಳಿದ ಮೇಲೆ, ಟಿ. ನರಸೀಪುರದಲ್ಲಿ ಶಾಲಿನಿಯ ಅಪ್ಪ ಸಿದ್ದಯ್ಯನವರ ಶೆಡ್ಡು ಹುಡುಕಿಕೊಂಡು ಬಂದಿದ್ದ.

ಯಾವ ಆಕ್ಸಲ್ ಹಾಕುವುದೆಂದು ಅಂದು ಅಪ್ಪ ಮಗಳಿಗೆ ಜಟಾಪಟಿಯೇ ಆಗಿತ್ತು. ಜೀಪಿನದು ಹಾಕು, ಆನೆ ಹತ್ತಿದರೂ ಮುರಿಯಲ್ಲ ಎಂದರು ಸಿದ್ದಯ್ಯ. ಜೀಪಿನದು ಭಾರ ಎಳೆಯುವುದಕ್ಕೆ ಸರಿ, ಓಡುವುದಕ್ಕಲ್ಲ, ಮೈಸೂರು ರಸ್ತೆಯಲ್ಲಿ ಇಂಜಿನ್ ಬಾಯಿ ಬಡಿದುಕೊಳ್ಳುತ್ತೆ, ಕಾಂಟೆಸಾ ಕಾರಿನದೇ ಇದಕ್ಕೆ ಹೊಂದುವುದು ಎಂದಳು ಶಾಲಿನಿ. ಆದರೆ ಅದು ಅಗಲ ಹೆಚ್ಚು. ಎರಡೂ ಕಡೆ ಕತ್ತರಿಸಿ ಬೆಸೆಯಬೇಕು, ಬೆಸುಗೆ ಒಂಚೂರು ವಾರೆಯಾದರೂ ಆಕ್ಸಲ್ ಊಳಿಡುತ್ತದೆ. ಅಮೃತೇಶ್ ಇಬ್ಬರನ್ನೂ ನೋಡಿದ, ಆಮೇಲೆ ಅವಳನ್ನು ಮಾತ್ರ ನೋಡಿದ. ನಿಮ್ಮ ಮಗಳು ಹೇಳಿದ್ದೇ ಹಾಕಿ ಎಂದುಬಿಟ್ಟ. ಆ ನೋಟಕ್ಕೆ ಕೈ ಸಡಿಲವಾಗಿ, ಅಳತೆಯ ಟೇಪು ಸರ್ರನೆ ಸುತ್ತಿಕೊಂಡು ಅವಳ ಬೆರಳಿಗೆ ಹೊಡೆದಿತ್ತು.

ಅವನು ಅತ್ತ ಹೋದ ಮೇಲೆ ಸಿದ್ದಯ್ಯ ಮಗಳನ್ನು ಕರೆದಿದ್ದರು.

"ಆಯ್ತು ಕಣವ್ವ, ನೀನೊಬ್ಳೇ ಮಾಡು. ಗಾಡಿ ವಾಪಸ್ ಬಂತು ಅಂದ್ರೆ ಮಾತ್ರ ಲೇತ್ ಮುಂದೆ ಶಿವು ನಿಂತ್ಕತಾನೆ. ನೀನು ಬಿಲ್ ಬರ್ಕೊಂಡು ಕೂತ್ಕೊ."

ಶಿವು ಅವಳ ಚಿಕ್ಕಪ್ಪನ ಮಗ, ಸ್ಕೇಲನ್ನೇ ನೆಟ್ಟಗೆ ಹಿಡಿಯಲು ಬಾರದ ಮಹಾನುಭಾವ. ಲೇತ್ ಬಿಟ್ಟರೆ ಶಾಲಿನಿಗೆ ಬೇರೆ ಲೋಕವೇ ಇರಲಿಲ್ಲ. ಗಂಡಸರ ಕೆಲಸ ಎಂದು ಊರೆಲ್ಲ ಆಡಿಕೊಂಡಿದ್ದನ್ನು ಕಿವಿಗೆ ಹಾಕಿಕೊಳ್ಳದೆ ಕಲಿತವಳು ಅವಳು.

ಈಗ ಆ ಗಾಡಿ ವಾಪಸ್ ಬಂದಿತ್ತು.

ವೇಗ ಅರವತ್ತು ದಾಟಿದರೆ ಹಿಂದೆ ಏನೋ ಸದ್ದು ಬರುತ್ತೆ ಎಂದ ಅಮೃತೇಶ್, ನೆಲ ನೋಡುತ್ತಾ. ಸಿದ್ದಯ್ಯ ಶಿವು ಕಡೆ ನೋಡಿದರು, ಅಷ್ಟೆ. ಓಡಿಸಿ ನೋಡೋಣ ನಡೀರಿ ಎಂದಳು ಶಾಲಿನಿ.

ಆಕ್ಸಲ್ ಸದ್ದು ಕೇಳುವುದಕ್ಕೆ ಅವರ ಶೆಡ್ಡಿನದೇ ಒಂದು ಪದ್ಧತಿ. ಹಿಂದಿನ ಸೀಟು ತೆಗೆದು, ಬರಿಯ ತಗಡಿನ ಮೇಲೆ ಮಲಗಿ, ಮರದ ಕೋಲಿನ ಒಂದು ತುದಿಯನ್ನು ತಗಡಿಗೂ ಇನ್ನೊಂದನ್ನು ಕಿವಿಗೂ ಒತ್ತಿಕೊಳ್ಳುವುದು. ಕಾರು ಮೂಗೂರು ರಸ್ತೆ ಹಿಡಿಯಿತು. ಮಲಗಿದವಳಿಗೆ ಕಾಣುತ್ತಿದ್ದುದು ಕಾರು ಓಡಿಸುತ್ತಿದ್ದ ಅಮೃತೇಶನ ಭುಜದ ತುದಿ ಮಾತ್ರ. ಅದನ್ನೂ ನೋಡಬಾರದೆಂದು ಕಣ್ಣು ಮುಚ್ಚಿಕೊಂಡಳು. ವೇಗ ಐವತ್ತಾಯಿತು, ಅರವತ್ತಾಯಿತು. ಹದವಾದ ಗುಂಯ್‌ಗುಟ್ಟುವಿಕೆ ಬಿಟ್ಟರೆ ಏನೂ ಇಲ್ಲ.

"ಎಂಬತ್ತಕ್ಕೆ ಓಗಿ," ಎಂದಳು.

ಎಂಬತ್ತರಲ್ಲೂ ಅದೇ. ತನ್ನ ಕಿವಿಯನ್ನು ತಾನೇ ನಂಬದೆ ಕೋಲನ್ನು ಇನ್ನಷ್ಟು ಒತ್ತಿದಳು.

"ಎಲ್ರೀ ಸದ್ದು?"

ಕಾರು ನಿಧಾನವಾಯಿತು.

"ಇಲ್ಲ ಕಣ್ರೀ. ಮೊದ್ಲಿಂದ್ಲೂ ಇರ್ಲಿಲ್ಲ. ಕಾರು ರೆಡಿ ಆಗೋಯ್ತು, ಇನ್ನು ಇಲ್ಲಿಗೆ ಬರಕ್ಕೆ ಏನಂತ ಏಳ್ಲಿ? ನಿಮ್ಮನ್ನ ನೋಡ್ದೆ ಇರಕ್ಕಾಯ್ತಿಲ್ಲ ನಂಗೆ."

ಅಯ್ಯೋ ದೇವರೇ! ಯಾವ ಮಾತಿಗಾಗಿ ಇಷ್ಟು ದಿನ ಒಳಗೊಳಗೇ ಕಾದಿದ್ದಳೋ ಅದೇ ಮಾತು. ಮೈಯೆಲ್ಲ ಜುಮ್ಮೆಂದಿತು. ಮರುಕ್ಷಣವೇ ಶಿವು ಕಡೆ ನೋಡಿದ ಅಪ್ಪನ ಮುಖ ನೆನಪಾಗಿ ಕೋಪ ನೆತ್ತಿಗೇರಿತು. ಎದ್ದು ಕೂತು, ಗಾಡಿ ನಿಲ್ಲಿಸಿ ಎಂದಳು. ಅಪ್ಪ ಹಾಕಿದ ಷರತ್ತನ್ನು ಒಂದೇ ಉಸಿರಿಗೆ ಹೇಳಿದಳು.

"ನಿಮ್ಗೆ ಅದು ಒಂದು ನೆಪ. ನಂಗೆ ಅದೇ ಜೀವ್ನ ಕಣ್ರೀ."

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಲ್ಲೇ ಕಾರು ತಿರುಗಿಸಿದ.

ಶೆಡ್ಡಿನಲ್ಲಿ ಇಳಿದವನೇ ನೇರ ಸಿದ್ದಯ್ಯನವರ ಮುಂದೆ ಹೋಗಿ ನಿಂತ.

"ಸದ್ದಿಲ್ಲ ಸಾ. ಸುಳ್ಳು ಏಳ್ದೆ. ನಿಮ್ಮ ಮಗಳ್ನ ನೋಡ್ಬೇಕು ಅನ್ನಿಸ್ತು, ಅದ್ಕೆ ಬಂದೆ. ತಪ್ಪು ನಂದು, ಅವರ ಕೆಲ್ಸದ್ದಲ್ಲ."

ಶಿವು ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತುಬಿಟ್ಟಿತು. ಸಿದ್ದಯ್ಯ ಅಮೃತೇಶನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೀ ಕೊಡಿ ಎಂದು ಕೈ ಚಾಚಿದರು. ಕೋಲನ್ನು ಶಿವುಗೆ ಕೊಟ್ಟು ಹಿಂದೆ ಮಲಗಲು ಹೇಳಿ, ತಾವೇ ಕಾರು ಹತ್ತಿ ಹೊರಟೇಬಿಟ್ಟರು.

ಶೆಡ್ಡಿನಲ್ಲಿ ಇವರಿಬ್ಬರೇ ಉಳಿದರು. ಅವನು ಗೋಡೆಗೊರಗಿಸಿದ್ದ ಜೀಪಿನ ಆಕ್ಸಲನ್ನೇ ನೋಡುತ್ತಿದ್ದ, ಅವಳು ಅವನ ಕತ್ತಿನ ಬೆವರನ್ನು.

"ಕೋಪ ಓಯ್ತಾ?"

"ಇಲ್ಲ."

"ಎಷ್ಟ್ ದಿನ ಇರ್ತದೆ?"

"ನೋಡ್ಬೇಕು," ಎಂದಳು. ನಗು ತಡೆಯಲು ತುಟಿ ಕಚ್ಚಿಕೊಂಡದ್ದು ಅವನಿಗೆ ಕಾಣಿಸಿತೋ ಏನೋ.

ಕಾರು ಮರಳಿತು. ಇಳಿದ ಶಿವುವಿನ ಜೋಲು ಮುಖವೇ ಸದ್ದಿಲ್ಲವೆಂದು ಹೇಳುತ್ತಿತ್ತು. ಸಿದ್ದಯ್ಯ ಬಾನೆಟ್ಟಿನ ಮೇಲೊಮ್ಮೆ ಕೈಯಾಡಿಸಿದರು.

"ಬೆಸುಗೆ ಪಸಂದಾಗ್ ಕೂತದೆ ಕಣವ್ವ. ಲೇತು ನಿಂದೇ," ಎಂದರು. ಅಮೃತೇಶನ ಕಡೆ ತಿರುಗದೆಯೇ, "ಇವರ ವಿಚಾರನೂ ನೀನೇ ನೋಡ್ಕೊ," ಎಂದು ಒಳಗೆ ಹೋದರು.

ಶಾಲಿನಿಗೆ ಕಣ್ಣು ಮಂಜಾಯಿತು. ಅಮೃತೇಶ್ ಕೀ ಹಿಡಿದು ಹೊರಡಲೋ ಬೇಡವೋ ಎಂದು ನಿಂತಿದ್ದ. ಅವಳು ಹತ್ತಿರ ಬಂದಳು.

"ನಂಗೂ ನೀವು ಇಷ್ಟ," ಎಂದಳು ಮೆಲ್ಲಗೆ. "ಆದ್ರೆ ಮುಂದಿನ್ಸಲ ಕಾರು ತರ್ಬೇಡಿ, ಬಸ್ಸಲ್ಲಿ ಬನ್ನಿ. ನನ್ನ ನೋಡಕ್ಕೇ ಬಂದ್ರಿ ಅಂತ ಊರ್ಗೆಲ್ಲ ಗೊತ್ತಾಗ್ಲಿ."