ಅವನು ನಿಲ್ಲಿಸಿದ ಓಟ

"ಈ ಕಾರು ಇವತ್ತು ಓಡಲ್ಲ!"

ಬಾಗಿಲು ತಳ್ಳಿಕೊಂಡು ಬಂದವನ ಮಾತಿಗೆ ಅವಳ ಮೈಯೆಲ್ಲ ಉರಿದುಹೋಯಿತು. ಕಾರಿನ ಬ್ರೇಕ್ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರಿಗೆ ಸಾಫ್ಟ್‌ವೇರ್ ಬರೆದವಳು ಅವಳು. ಎಂಟು ತಿಂಗಳ ದುಡಿಮೆ! ಇನ್ನೊಂದು ಗಂಟೆಯಲ್ಲಿ ಆ ಕಾರನ್ನು ಪರೀಕ್ಷೆಗೆ ಓಡಿಸಬೇಕಿದ್ದ ಚಾಲಕ ಅವಳ ಒಡಹುಟ್ಟಿದ ಅಣ್ಣ.

"ಹೇಳೋಕೆ ನೀವ್ಯಾರ್ರೀ?"

"ಈ ಕಾರಲ್ಲಿರೋ ಕಂಪ್ಯೂಟರುಗಳನ್ನೆಲ್ಲ ಒಟ್ಟು ಸೇರಿಸೋನು. ಸೋಮವಾರ ಕೆಲಸಕ್ಕೆ ಸೇರಿದೆ. ನಿಮ್ಮ ಬ್ರೇಕ್ ಒಂದೊಂದ್ಸಲ ತಡವಾಗಿ ಹಿಡಿತಿದೆ."

"ನನ್ನ ಕೆಲಸದಲ್ಲಿ ತಪ್ಪಿಲ್ಲ!"

"ಇರಲಿಕ್ಕಿಲ್ಲ... ಆದ್ರೂ ಓಡಲ್ಲ."

ಲ್ಯಾಬಿನಲ್ಲಿದ್ದ ಅಷ್ಟೂ ಜನರ ಮುಂದೆ ಹೀಗಂದುಬಿಟ್ಟನಲ್ಲ! 'ನನ್ನ ಹೆಸರು ಕೆಡಿಸಿ ಮೇಲೇರೋಕೆ ನೋಡ್ತಿದಾನೆ...' ಅವಳ ಕಣ್ಣು ತುಂಬಿತು. ಮೂರು ವಾರ ಅವನು ಎದುರಾದಾಗಲೆಲ್ಲ ಮುಖ ತಿರುಗಿಸಿ ನಡೆದಳು.

ಕೊನೆಗೆ ಅವನ ವರದಿ ಬಂತು. ಸಭೆಯಲ್ಲಿ ಮ್ಯಾನೇಜರ್ ಓದತೊಡಗಿದಾಗ ಅವಳ ಎದೆ ಡವಗುಟ್ಟುತ್ತಿತ್ತು.

"ಬ್ರೇಕಿನ ಸಾಫ್ಟ್‌ವೇರಿನಲ್ಲಿ ತಪ್ಪಿಲ್ಲ. ಚಕ್ರದ ವೇಗ ಅಳೆಯುವುದರಲ್ಲೂ ತಪ್ಪಿಲ್ಲ. ವೇಗದ ಸಂದೇಶ ಎಷ್ಟು ಹೊತ್ತಿನೊಳಗೆ ಬ್ರೇಕಿಗೆ ತಲುಪಬೇಕೆಂದು ವಿನ್ಯಾಸದಲ್ಲಿ ಯಾರೂ ಬರೆದಿರಲಿಲ್ಲ. ಬಾಗಿಲು, ದೀಪ, ಹಾಡು... ಎಲ್ಲದರ ಸಂದೇಶಗಳೂ ಒಂದೇ ತಂತಿಯಲ್ಲಿ ನುಗ್ಗಿದಾಗ ವೇಗದ ಸಂದೇಶ ಹಿಂದೆ ಬೀಳುತ್ತಿತ್ತು."

ತಪ್ಪಿಲ್ಲ... ಅವಳು ಉಸಿರು ಬಿಟ್ಟಳು. ಮರುಕ್ಷಣವೇ ಅಣ್ಣ ನೆನಪಾದ. ಅವತ್ತು ಓಟ ನಡೆದುಬಿಟ್ಟಿದ್ದರೆ?

ವಿನ್ಯಾಸ ತಿದ್ದಲು ಇಬ್ಬರೂ ಅಕ್ಕಪಕ್ಕ ಕೂತರು. ಪ್ರತಿ ಸಂದೇಶಕ್ಕೂ ಗಡುವು ಬರೆದರು. ತಂತಿಯಲ್ಲಿ ಬ್ರೇಕಿಗೇ ಮೊದಲ ದಾರಿ. ಅವಳು ಬೇಕೆಂದೇ ಎರಡೆರಡು ಸಲ ಅನುಮಾನ ಕೇಳುತ್ತಿದ್ದಳು. ಅವನೂ ಬೇಸರಿಸದೆ ಹೇಳುತ್ತಿದ್ದ.

ಪರೀಕ್ಷೆಯ ದಿನ, ನೀರು ಹಾಯಿಸಿದ ರಸ್ತೆಯಲ್ಲಿ, ನಿಲ್ಲಬೇಕಾದ ಗೆರೆಯತ್ತ ಕಾರು ವೇಗವಾಗಿ ಬಂತು. ಅವಳು ಕಣ್ಣು ಮುಚ್ಚಿಕೊಂಡಳು.

"ಕಣ್ಣು ಬಿಡೇ! ಗೆರೆ ಮೇಲೇ ನಿಂತಿದೆ!" ಅಣ್ಣ ಕಿಟಕಿಯಿಂದ ಕೂಗಿದ.

ಅಬ್ಬಾ! ಅವಳು ಅಳುತ್ತಲೇ ನಕ್ಕಳು. ಪಕ್ಕದಲ್ಲಿದ್ದವನತ್ತ ತಿರುಗಿದಳು.

"ಕ್ಷಮಿಸಿ... ತಪ್ಪು ನನ್ನದಲ್ಲ ಅಂತ ಅವತ್ತೇ ಯಾಕೆ ಹೇಳಲಿಲ್ಲ?"

"ಅವತ್ತು ನನಗೂ ಗೊತ್ತಿರಲಿಲ್ಲ. ನೀವು ಮುಖ ತಿರುಗಿಸಿದಷ್ಟೂ ಹಟ ಹಿಡಿದು ಹುಡುಕಿದೆ."

ಅವಳ ಕೆನ್ನೆ ಕೆಂಪಾಯಿತು.

"ನಾಳೆಯಿಂದ ನಿಮ್ಮ ಹತ್ರ ಬರೋಕೆ ನನಗೆ ನೆಪನೇ ಇಲ್ಲ," ಎಂದನು ಮೆಲ್ಲಗೆ. "ನೀವಂದ್ರೆ ನನಗಿಷ್ಟ... ಅದನ್ನೇ ಹೇಳ್ಕೊಂಡು ಬರಲಾ?"

"ದಿನಾ ಬರ್ತೀರಾ?"

"ನೀವು ಹೂಂ ಅಂದ್ರೆ, ದಿನಾ."

"ಹೂಂ... ಆದ್ರೆ ಈ 'ನೀವು, ನೀವು' ಅನ್ನೋದು ಸಾಕು ಕಣೋ!"