ವೇಗಾ ಸೆವೆನ್ನಿನ ಕೊನೆಯ ಪುಟಗಳು

"ಮಿಸ್, ನಾನು ಕತ್ತರಿಸಿಲ್ಲ. ಅಬ್ಬಾ ನಂಬ್ತಾನೇ ಇಲ್ಲ. ಇನ್ಮೇಲೆ ಅಂಗಡಿಗೆ ಕಾಲಿಡಬೇಡ, ಪುಸ್ತಕ ಮುಟ್ಟಬೇಡ ಅಂದ್ಬಿಟ್ರು."

ಸುನಂದಮ್ಮನವರ ಜಗುಲಿಯಲ್ಲಿ ನಿಂತು ಅಳುತ್ತಿದ್ದವಳು ಇಕ್ರಾ. ಹುಣಸೂರಿನಲ್ಲಿ ಬಾಡಿಗೆ ಪುಸ್ತಕದಂಗಡಿ ಇಟ್ಟಿದ್ದ ನಸೀರನ ಮಗಳು, ಪಿಯುಸಿ ಓದುತ್ತಿದ್ದಳು. ನಮ್ಮೂರಿನಲ್ಲಿ ಕೋಳಿ ಕಳೆದುಹೋದರೂ ಜನ ಪೊಲೀಸರಿಗಿಂತ ಮೊದಲು ನಿವೃತ್ತ ಹೆಡ್‌ಮಿಸ್ ಸುನಂದಮ್ಮನವರ ಬಳಿ ಬರುತ್ತಿದ್ದರು. ಎದುರುಮನೆಯ ನಾನು, ಅಂದರೆ ಲೆಕ್ಕದ ಮೇಷ್ಟ್ರು ಚಾಮಯ್ಯ, ಅವರ ಜೊತೆ ಸುತ್ತುವುದನ್ನೇ ಕೆಲಸ ಮಾಡಿಕೊಂಡಿದ್ದೆ.

ಆ ದಿನ ನನಗೂ ತಲೆ ಕೆಟ್ಟಿತ್ತು. ಕೇಬಲ್ ಬಂದ ಹೊಸದರಲ್ಲಿ 'ವೇಗಾ ಸೆವೆನ್' ಎಂಬ ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಆಕಾಶನೌಕೆ, ಅದರ ಕ್ಯಾಪ್ಟನ್, ಬೇರೆ ಬೇರೆ ಗ್ರಹಗಳು. ಮೊದಲ ಕತೆ ಮುಗಿಯುತ್ತಿದ್ದಂತೆ ಹಾಳಾದ ಚಾನೆಲ್ಲಿನವರು ಅದನ್ನು ನಿಲ್ಲಿಸಿಬಿಟ್ಟರು. ಆ ಧಾರಾವಾಹಿಯ ಕಾದಂಬರಿಗಳನ್ನು ನಸೀರ್ ಮೈಸೂರಿನಿಂದ ತಂದಾಗ ನನಗೆ ಹೋದ ಜೀವ ಬಂದಂತಾಗಿತ್ತು. ನೋಡಿದರೆ ಎರಡು, ಮೂರು, ನಾಲ್ಕನೆಯ ಪುಸ್ತಕಗಳಲ್ಲಿ ಕೊನೆಯ ಅಧ್ಯಾಯವೇ ಇಲ್ಲ! ಬ್ಲೇಡಿನಿಂದ ನೀಟಾಗಿ ಕತ್ತರಿಸಿದ್ದರು. ಮೊದಲನೆಯದು ಮಾತ್ರ ಇಡಿಯಾಗಿತ್ತು.

"ಅಬ್ಬಾಗೆ ನಿನ್ನ ಮೇಲೇ ಯಾಕೆ ಅನುಮಾನ?" ಸುನಂದಮ್ಮ ಕೇಳಿದರು.

"ಚಿಕ್ಕವಳಿದ್ದಾಗ ಪತ್ರಿಕೆಯಿಂದ ಹೂವಿನ ಚಿತ್ರ ಕತ್ತರಿಸಿದ್ದೆ. ಅದನ್ನೇ ಈಗಲೂ ಹೇಳ್ತಾರೆ."

ಹೊಸ ಪುಸ್ತಕ ಬಂದ ವಾರ ನಸೀರ್ ಅದನ್ನು ಯಾರ ಮನೆಗೂ ಕೊಡುತ್ತಿರಲಿಲ್ಲ, ಅಂಗಡಿಯ ಬೆಂಚಿನ ಮೇಲೆ ಕೂತೇ ತಿರುವಿಹಾಕಬೇಕು. ಇಂಗ್ಲಿಷ್ ಪುಸ್ತಕ ಮುಟ್ಟುತ್ತಿದ್ದವರು ಇಕ್ರಾ ಬಿಟ್ಟರೆ ನಾನು, ಕೇಬಲ್ ನಡೆಸುವ ವಸಂತ್, ಬಿ.ಎಸ್ಸಿ. ಮುಗಿಸಿ ಹೊಗೆಸೊಪ್ಪು ಬೆಳೆಯುತ್ತಿದ್ದ ಮಾದೇಶ, ಇಷ್ಟೇ ಜನ. ವಸಂತನಿಗೂ ಹೊಗೆಸೊಪ್ಪಿನ ಬೇಸಾಯವಿತ್ತು; ಸೊಪ್ಪನ್ನು ಬೆಂಕಿಯ ಬಿಸಿಯಲ್ಲಿ ಬೇಯಿಸುವ ಅವರಿಬ್ಬರ ಮನೆಗಳು, ಅಂದರೆ ಬ್ಯಾರನ್‌ಗಳು, ಅಕ್ಕಪಕ್ಕದಲ್ಲೇ ಇದ್ದವು.

"ವಸಂತನೇ ಕಣ್ರೀ! ಜನ ಟಿ.ವಿ. ಬಿಟ್ಟು ಪುಸ್ತಕ ಹಿಡಿದ್ರೆ ಅವನ ಹೊಟ್ಟೆಗೆ ಬೆಂಕಿ ಬೀಳಲ್ವೇ?" ಎಂದೆ.

ಅಷ್ಟರಲ್ಲಿ ಮನೆಗೆಲಸದ ಮಲ್ಲಾಜಮ್ಮ ಬಂದಳು. "ಈ ವಾರ ಬರಾಕಾಗಕಿಲ್ಲ ಕಣವ್ವ. ಮಾದೇಶನ ಬ್ಯಾರನ್ ತಾವ ಸೊಪ್ಪು ಕಟ್ಟಾಕೆ ಓಗ್ಬೇಕು."

"ಪಕ್ಕದ ವಸಂತನ ಬ್ಯಾರನ್‌ನಲ್ಲಿ ಬಿಸಿ ಬೋಂಡ ಕೊಡ್ತಾರಂತಲ್ಲೇ?" ಸುನಂದಮ್ಮ ಕೇಳಿದರು.

"ಕೊಟ್ಕಳ್ಲಿ ಬುಡಿ. ಆ ಪುಣ್ಯಾತ್ಮ ಸೆರೆಯಿಂದ ಆಚೆಗೆ ಬರೋಗಂಟ ನಾ ಎಲ್ಗೂ ಓಗಾಕಿಲ್ಲ."

ಅವಳ ನೆಂಟರಲ್ಲಿ ಯಾರೋ ಜೈಲಿಗೆ ಹೋಗಿರಬೇಕೆಂದುಕೊಂಡು ನಾನು ಸುಮ್ಮನಾದೆ. ಸುನಂದಮ್ಮ ಮಾತ್ರ, ನಾನು ನಸೀರನನ್ನು ಕಾಡಿ ಸಾಕ್ಷಿಗೆಂದು ತಂದಿದ್ದ ನಾಲ್ಕನೆಯ ಪುಸ್ತಕ ತೆಗೆದು, ಉಳಿದಿದ್ದ ಕೊನೆಯ ಪುಟಗಳನ್ನು ಓದಿ ನಗುತ್ತಾ ಕೂತರು. ಅವರು ಹಾಗೆ ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮರುದಿನ ನಮ್ಮನ್ನೆಲ್ಲ ನಸೀರನ ಅಂಗಡಿಗೆ ಕರೆಸಿದರು.

"ಮೊದಲನೇ ಪುಸ್ತಕ ಯಾಕೆ ಉಳೀತು? ಅದರ ಕೊನೆ ಟಿ.ವಿ.ಯಲ್ಲಿ ಬಂದಿತ್ತು, ಎಲ್ಲರಿಗೂ ಗೊತ್ತು. ಕಳ್ಳನಿಗೆ ಕಾಗದ ಬೇಕಿರಲಿಲ್ಲ, ಬೇರೆಯವರಿಗೆ ಕೊನೆ ಗೊತ್ತಾಗಬಾರದಿತ್ತು. ಇನ್ನು ವಸಂತನ ಹೊಟ್ಟೆಕಿಚ್ಚಿನ ಮಾತು. ಇಡೀ ಊರಿಗೆ ಕೇಬಲ್ ಕೊಡೋನು ಈ ಮೂರು ಮತ್ತೊಂದು ಜನಕ್ಕೆ ಹೆದರ್ತಾನಾ ಮೇಷ್ಟ್ರೇ?"

ನಾನು ಮುಖ ಆ ಕಡೆ ತಿರುಗಿಸಿದೆ.

"ಯಾರಿಗೂ ಗೊತ್ತಿಲ್ಲದ ಕೊನೆ ಯಾರಿಗೆ ಬೇಕು? ಕತೆ ಹೇಳೋನಿಗೆ. ಸೊಪ್ಪು ಬೇಯಿಸೋ ಕಾಲದಲ್ಲಿ ಆಳು ಸಿಕ್ಕೋದೇ ಕಷ್ಟ. ಅಂಥದ್ರಲ್ಲಿ ಮಲ್ಲಾಜಮ್ಮ ಬಿಸಿ ಬೋಂಡ ಬಿಟ್ಟು ಮಾದೇಶನ ಹತ್ರ ಹೋಗ್ತಾಳೆ. ಸೆರೆಯಲ್ಲಿರೋ ಪುಣ್ಯಾತ್ಮ ಯಾರು? ನಾಲ್ಕನೇ ಪುಸ್ತಕದ ಕ್ಯಾಪ್ಟನ್! ಕಡ್ಡಿಗೆ ಸೊಪ್ಪು ಕಟ್ಟೋ ಹೆಂಗಸರಿಗೆ ಮಾದೇಶ ದಿನಾ ಕತೆ ಹೇಳ್ತಾನೆ. ಪಕ್ಕದ ಬ್ಯಾರನ್‌ನವನು ಕೊನೆ ಒದರಿಬಿಟ್ಟರೆ ಆಳುಗಳು ನಿಲ್ತಾರಾ?"

ವಸಂತ್ ತಲೆ ಕೆರೆದುಕೊಂಡ. "ಓದ್ಸಲ ಬೇರೆ ಕತೇದು ನಾನೇ ಕೊನೆ ಏಳ್ಬುಟ್ಟೆ ಮಿಸ್. ಅವತ್ತೇ ಅವ್ನ ಆಳೆಲ್ಲ ನಮ್ ಕಡೆ ಬಂದ್ರು."

"ಅರ್ಧ ಸೊಪ್ಪು ಕೊಳ್ತೋಯ್ತು ಮಿಸ್," ಎಂದ ಮಾದೇಶ ತಲೆ ತಗ್ಗಿಸಿ. "ಅದ್ಕೇ ಬೆಂಚಿನ ಮೇಲೆ ಕೂತು ಕುಯ್ದೆ. ತಪ್ಪಾಯ್ತು."

"ಪುಟ ಎಲ್ಲೋ?" ನಾನು ಕಿರುಚಿದೆ.

"ಬ್ಯಾರನ್ ಒಲೆಗಾಕ್ಬುಟ್ಟೆ ಸಾ."

"ಬಾಯಲ್ಲಾದ್ರೂ ಹೇಳೋ!"

"ನಿಜವಾದ್ದು ನೆಪ್ಪಿಲ್ಲ ಸಾ. ಎಂಗಸ್ರು ಬೇಗ ಮುಗಿಸ್ಬ್ಯಾಡ ಅಂತಿದ್ರು, ನಾನೇ ಬೇರೆ ಕಟ್ಟಿ ಏಳ್ತಿದ್ದೆ."

ನಾನು ಬೆಂಚಿನ ಮೇಲೆ ಕುಸಿದೆ. ನಸೀರ್ ಮಗಳ ಕಡೆ ನೋಡಿ, "ನಾಳೆಯಿಂದ ಅಂಗಡಿಗೆ ಬಾ ಬೇಟಾ," ಎಂದ ಮೆಲ್ಲಗೆ.

"ನಾನಿನ್ನೂ ಓದೇ ಇರ್ಲಿಲ್ಲ ಅಬ್ಬಾ," ಎಂದಳು ಇಕ್ರಾ. "ಓದದೇ ಇರೋ ಪುಸ್ತಕದ ಕೊನೆ ನಾನ್ಯಾಕೆ ಕತ್ತರಿಸ್ಲಿ? ಒಂದ್ಸಲ ಕೇಳ್ಬಹುದಿತ್ತಲ್ಲ."

ಮಾರನೆಯ ಬೆಳಿಗ್ಗೆ ನಸೀರ್ ಅಂಗಡಿಗೆ ಬೀಗ ಹಾಕಿ ಮೊದಲ ಬಸ್ಸಿಗೆ ಮೈಸೂರಿಗೆ ಹೋದ. ಆ ಮೂರು ಪುಸ್ತಕಗಳ ಇಡೀ ಪ್ರತಿಗಳಿಗಾಗಿ ಹಳೆ ಪುಸ್ತಕದಂಗಡಿಗಳನ್ನೆಲ್ಲ ಸುತ್ತಿ, ಸಂಜೆ ಬರಿಗೈಯಲ್ಲಿ, ಧೂಳು ಹಿಡಿದ ಅಂಗಿಯಲ್ಲಿ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದ. ಅಲ್ಲೇ ಕಾಯುತ್ತಿದ್ದ ಇಕ್ರಾ ಅವನ ಖಾಲಿ ಚೀಲವನ್ನು ಕೈಯಿಂದ ತೆಗೆದುಕೊಂಡಳು.

"ನಿಮಗೆ ಹುಡುಕೋಕೆ ಬರಲ್ಲ ಅಬ್ಬಾ," ಎಂದಳು. "ಭಾನುವಾರ ನಾನೂ ಬರ್ತೀನಿ."